ಬೆಲ್ ನೋಡಿ ಅಲ್ಲ, ಸ್ಲೈಡ್ ನೋಡಿ: ನಾನು ಟ್ರಂಬೋನ್ ಆರಿಸುವುದು ಹೀಗೆ

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ, ಗಣಪತಿ ಹಬ್ಬದಲ್ಲಿ ಬ್ಯಾಂಡಿನ ಜೊತೆ ಟ್ರಂಬೋನ್ ಊದುತ್ತೇನೆ. ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಬದಲಿಸುವ ಹಿತ್ತಾಳೆ ವಾದ್ಯ ಅದು. ಜಾರುವ ಆ ಕೊಳವೆಯೇ ಸ್ಲೈಡ್, ಅರಳಿದ ಬಾಯಿಯೇ ಬೆಲ್. ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಈಗ ನಮ್ಮ ಕಡೆ ಯಾರಾದರೂ ಟ್ರಂಬೋನ್ ಕೊಳ್ಳಬೇಕೆಂದರೆ ನನ್ನನ್ನು ಜೊತೆಗೆ ಕರೆಯುತ್ತಾರೆ. ಇಲ್ಲಿಯವರೆಗೆ ಹನ್ನೊಂದು ಆರಿಸಿಕೊಟ್ಟಿದ್ದೇನೆ. ಆದರೆ ಮೊದಲನೆಯದನ್ನು, ಅಂದರೆ ನನ್ನದನ್ನೇ, ಏನೂ ಗೊತ್ತಿಲ್ಲದೆ ತಂದಿದ್ದೆ.

2004ರಲ್ಲಿ ಓವರ್‌ಟೈಮ್ ಮಾಡಿ 6,000 ರೂಪಾಯಿ ಕೂಡಿಸಿದ್ದೆ. ಅಂಗಡಿಯಲ್ಲಿ ಮೂರು ಟ್ರಂಬೋನ್ ತೋರಿಸಿದರು. ಒಂದರ ಬೆಲ್ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನೇ ತಂದೆ. ಅವ್ವ ಕುಂಕುಮ ಹಚ್ಚಿ, ದೀಪ ಬೆಳಗಿ ಮನೆಯೊಳಗೆ ಕರೆದುಕೊಂಡಳು. ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ಸ್ವರಕ್ಕಾಗಿ ಸ್ಲೈಡನ್ನು ನಿಲ್ಲಿಸುವ ಏಳು ಜಾಗಗಳಿಗೆ ಪೊಸಿಷನ್ ಅನ್ನುತ್ತಾರೆ, ಮೊದಲನೆಯದು ಬಾಯಿಗೆ ಹತ್ತಿರ, ದೂರ ತಳ್ಳಿದಷ್ಟೂ ಸ್ವರ ಇಳಿಯುತ್ತದೆ. ನನ್ನ ಸ್ಲೈಡ್ ನಾಲ್ಕನೇ ಪೊಸಿಷನ್‌ವರೆಗೆ ಹೋಗುತ್ತಿತ್ತು, ಐದಕ್ಕೆ ಬಂದರೆ ಹಿಡಿದುಕೊಳ್ಳುತ್ತಿತ್ತು. ಜೋರಾಗಿ ತಳ್ಳಿದರೆ ಸ್ವರ ದಾಟಿ ಮುಂದೆ ಹೋಗುತ್ತಿತ್ತು. ಎಣ್ಣೆ ಹಾಕಿದೆ, ಒರೆಸಿದೆ, ದಿನಾ ಒಂದು ತಾಸು ಸುಮ್ನೆ ತಳ್ಳುತ್ತಾ ಕೂತೆ. ಏನೂ ಬದಲಾಗಲಿಲ್ಲ.

ನಮ್ಮ ಬ್ಯಾಂಡಿನಲ್ಲಿ ಆಗ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಪಚ್‌ಮಢಿಯ ಮಿಲಿಟರಿ ಸಂಗೀತ ಶಾಲೆಯಲ್ಲಿ ಕಲಿತವರು. ಎಲ್ಲರೂ ಹವಾಲ್ದಾರ್ ಕಾಕಾ ಅನ್ನುತ್ತಿದ್ದೆವು. ಅವರು ನನ್ನ ಟ್ರಂಬೋನ್ ಕೈಗೆ ತೆಗೆದುಕೊಂಡು ಒಮ್ಮೆ ಸ್ಲೈಡ್ ಎಳೆದರು, ಅಷ್ಟೇ.

"ತಮ್ಮಾ, ನೀ ಬೆಲ್ ನೋಡಿ ತಂದೀಯಪ್ಪಾ. ಟ್ರಂಬೋನ್ ಅಂದ್ರ ಸ್ಲೈಡ್. ಉಳಿದದ್ದೆಲ್ಲಾ ಅದಕ್ಕ ಜೋಡಿಸಿದ್ದು."

ಮರುದಿನ ಒಳ ಸ್ಲೈಡನ್ನು ವರ್ಕ್‌ಶಾಪಿಗೆ ಒಯ್ದು ಸರ್ಫೇಸ್ ಪ್ಲೇಟಿನ, ಅಂದರೆ ಪಕ್ಕಾ ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿದೆ. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿತ್ತು. ಅಂದರೆ ಎರಡು ಕೊಳವೆಗಳೂ ಒಂದೇ ಮಟ್ಟದಲ್ಲಿ ಇರಲಿಲ್ಲ. ವರ್ನಿಯರ್ ಹಿಡಿದು ಎರಡರ ನಡುವಿನ ಅಂತರ ಅಳೆದೆ. ಮೇಲ್ಗಡೆಗೂ ಕೆಳಗಡೆಗೂ 0.8 ಮಿ.ಮೀ. ವ್ಯತ್ಯಾಸ. ನಾವು ದಿನಾ ಮಾಡುವ ಹೈಡ್ರಾಲಿಕ್ ಕೆಲಸದಲ್ಲಿ ಇಷ್ಟು ಬಂದರೆ ಆ ಪೀಸನ್ನು ಸ್ಕ್ರ್ಯಾಪಿಗೆ ಹಾಕುತ್ತೇವೆ. ಅಂಥದ್ದನ್ನು ನಾನು ಬೆಲ್ ಹೊಳೆಯುತ್ತದೆ ಎಂದು ದುಡ್ಡು ಕೊಟ್ಟು ತಂದಿದ್ದೆ. ಅವತ್ತು ತುಂಬಾ ಬೇಜಾರಾಯಿತು. ಆದರೆ ಟ್ರಂಬೋನ್ ನೋಡುವ ಬಗೆ ಗೊತ್ತಾಗಿದ್ದೂ ಅವತ್ತೇ.

ಸ್ಲೈಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ. ಒಳಗೆ ಎರಡು ಕೊಳವೆ, ಅವುಗಳ ಮೇಲೆ ಜಾರುವ ಹೊರಗಿನ ಯು ಆಕಾರದ ಕೊಳವೆ. ಒಳಗಿನವುಗಳ ಮೇಲೆ ಸಾಮಾನ್ಯವಾಗಿ ಕ್ರೋಮ್ ಪ್ಲೇಟಿಂಗ್ ಇರುತ್ತದೆ. ಅವು ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ತುದಿಯ ಒಂದು ಗೇಣಿಗಿಂತ ಕಡಿಮೆ ಭಾಗ ಮಾತ್ರ ತುಸು ದಪ್ಪ. ಅದಕ್ಕೆ ಸ್ಟಾಕಿಂಗ್ ಅನ್ನುತ್ತಾರೆ. ಹೊರ ಸ್ಲೈಡ್ ತಾಗುವುದು ಹೆಚ್ಚಾಗಿ ಅಲ್ಲೇ. ಗಾಳಿ ಹೊರಹೋಗದಂತೆ ತಡೆಯುವುದೂ ಅದೇ. ಹಾಗಾಗಿ ಕೊಳವೆ ಕೂದಲೆಳೆಯಷ್ಟು ಬಾಗಿದರೂ ಕೈಗೆ ಗೊತ್ತಾಗುತ್ತದೆ.

ನಾನು ಈಗ ಯಾವ ಟ್ರಂಬೋನ್ ನೋಡಲು ಹೋದರೂ ಮೊದಲು ಊದುವುದಿಲ್ಲ. ಹೊರ ಸ್ಲೈಡ್ ಬಿಚ್ಚಿ, ತಿರುಗಿಸಿ, ಒಳಗಿನ ಒಂದೇ ಕೊಳವೆಗೆ ಅದರ ಒಂದು ಕಾಲನ್ನು ಮಾತ್ರ ಹಾಕಿ ಆಡಿಸುತ್ತೇನೆ. ಆಮೇಲೆ ಇನ್ನೊಂದು ಕಾಲು. ಒಂಟಿಯಾಗಿ ಎರಡೂ ನೀರಿನಂತೆ ಜಾರಿ, ಜೋಡಿಸಿದಾಗ ಮಾತ್ರ ಹಿಡಿದರೆ ಕೊಳವೆಗಳು ನೆಟ್ಟಗಿವೆ, ಅಂತರ ತಪ್ಪಿದೆ ಎಂದರ್ಥ. ಒಂಟಿಯಾಗಿಯೇ ಹಿಡಿದರೆ ಆ ಕೊಳವೆ ಬಾಗಿದೆ ಅಥವಾ ನೆಗ್ಗಿದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಯಾವ ಉಪಕರಣವೂ ಬೇಡ.

ಎರಡನೆಯದು ಗಾಳಿಯ ಪರೀಕ್ಷೆ. ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಎರಡೂ ಬಾಯಿಗಳನ್ನು ಗಟ್ಟಿಯಾಗಿ ಮುಚ್ಚಬೇಕು. ಹೊರ ಸ್ಲೈಡನ್ನು ಹುಷಾರಾಗಿ ಸಡಿಲ ಬಿಡಬೇಕು, ಕೆಳಗೆ ಒಂದು ಕೈ ಇರಲಿ. ಒಳ್ಳೆಯ ಸ್ಲೈಡ್ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಬಾಯಿ ತೆರೆದ ತಕ್ಷಣ ಸರ್ರನೆ ಜಾರುತ್ತದೆ. ಮುಚ್ಚಿದಾಗಲೂ ಸರ್ರನೆ ಬಿದ್ದರೆ ಸ್ಟಾಕಿಂಗ್ ಸವೆದಿದೆ, ಇಲ್ಲವೇ ನೀರು ಬಿಡುವ ಕೀಯ ಕಾರ್ಕ್ ಹಾಳಾಗಿದೆ. ಕಾರ್ಕ್ ಆದರೆ ಐದು ನಿಮಿಷದ ಕೆಲಸ. ಸ್ಟಾಕಿಂಗ್ ಆದರೆ ಬಿಟ್ಟುಬಿಡಿ.

ಸೆಕೆಂಡ್‌ಹ್ಯಾಂಡ್ ಆದರೆ ಇನ್ನೂ ಎರಡು ನೋಡುತ್ತೇನೆ. ಒಳ ಕೊಳವೆಯ ಮೇಲೆ ಉಗುರು ಎಳೆಯುತ್ತೇನೆ. ಪ್ಲೇಟಿಂಗ್ ಎದ್ದಿದ್ದರೆ ಉಗುರಿಗೆ ಸಿಗುತ್ತದೆ. ಆಮೇಲೆ ಹಿತ್ತಾಳೆ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿವೆಯಾ ಎಂದು ಹುಡುಕುತ್ತೇನೆ. ಹಿತ್ತಾಳೆಯಿಂದ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿದ ಗುರುತು ಅದು. ಒಳಗಿನಿಂದ ತಿಂದುಕೊಂಡು ಬರುತ್ತದೆ, ಒಂದು ದಿನ ತೂತು ಬೀಳುತ್ತದೆ. ಬೆಲ್ ಮೇಲಿನ ನೆಗ್ಗು, ಕೆರೆದ ಗೀರು, ಹೋದ ಪಾಲಿಶ್ ಇದ್ಯಾವುದಕ್ಕೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬದಲಿಗೆ ಅದನ್ನೇ ತೋರಿಸಿ ರೇಟು ಇಳಿಸುತ್ತೇನೆ. ಇಲ್ಲಿಂದ ಮಿರಜ್ ಹತ್ತಿರ, ಅಲ್ಲಿ ಸಿತಾರ್, ತಂಬೂರಿ ಮಾಡುವ ದೊಡ್ಡ ಕೈಗಳಿವೆ. ಆದರೆ ಬಾಗಿದ ಟ್ರಂಬೋನ್ ಸ್ಲೈಡ್ ನೆಟ್ಟಗೆ ಮಾಡಿಕೊಡುವವರು ಈ ಸುತ್ತಿನಲ್ಲಿ ನನಗೆ ಸಿಕ್ಕಿಲ್ಲ. ಅದಕ್ಕೇ ಇಷ್ಟು ಹಟ.

ಮುಂದಿನ ಮಾತು ಬೋರ್, ಅಂದರೆ ಒಳ ಸ್ಲೈಡಿನ ಒಳವ್ಯಾಸ. ಟೆನರ್ ಟ್ರಂಬೋನ್‌ಗಳಲ್ಲಿ 12.7 ಮಿ.ಮೀ. ಸಣ್ಣ ಬೋರ್. ಸರಿಯಾಗಿ ಅರ್ಧ ಇಂಚು. 13.34 ಮಧ್ಯಮ, 13.89 ದೊಡ್ಡದು. ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ಅದರಲ್ಲೇನು ಅನ್ನಿಸಬಹುದು. ಊದಿ ನೋಡಿದರೆ ತಿಳಿಯುತ್ತದೆ. ಸಣ್ಣ ಬೋರ್ ಬೇಗ ಮಾತಾಡುತ್ತದೆ, ಧ್ವನಿ ಚೂಪು, ಗಾಳಿ ಕಡಿಮೆ ಸಾಕು. ದೊಡ್ಡದಕ್ಕೆ ಗಾಳಿ ಸುರಿಯಬೇಕು, ಆಗ ತುಂಬಿದ ಗಾಢ ಸ್ವರ ಕೊಡುತ್ತದೆ. ಬಾಕ್ 42, ಕಾನ್ 88ಎಚ್ ಇವೆಲ್ಲ ದೊಡ್ಡ ಬೋರ್. ಆರ್ಕೆಸ್ಟ್ರಾದಲ್ಲಿ ಕೂತು ನುಡಿಸುವವರಿಗೆ ಮಾಡಿದ್ದು. ಶಹಾಪುರದ ಗಲ್ಲಿಗಳಲ್ಲಿ ಮೂರು ತಾಸು ಮೆರವಣಿಗೆ ನಡೆಯುತ್ತಾ, ಹಿಂದೆ ಡೋಲು, ಮುಂದೆ ಪಟಾಕಿ ಇರುವಾಗ ಅದನ್ನು ಊದಿದರೆ ಒಂದು ತಾಸಿಗೆ ತುಟಿ ಬಿದ್ದುಹೋಗುತ್ತದೆ. ನಮಗೆ ಬೇಕಾದದ್ದು 12.7.

ಒಬ್ಬ ಬ್ಯಾಂಡ್ ಕಂಪನಿ ಮಾಲೀಕರು ನನಗೆ 30 ಸಾವಿರ ಕೊಟ್ಟು ಎರಡು ಟ್ರಂಬೋನ್ ತರಲು ಹೇಳಿದ್ದರು. ನಮ್ಮ ದೇಶದಲ್ಲಿ ಬ್ಯಾಂಡಿನ ವಾದ್ಯಗಳ ದೊಡ್ಡ ಊರು ಮೀರತ್. ಅಲ್ಲಿನ ಜಲಿ ಕೋಠಿ ಎಂಬ ಓಣಿಯಲ್ಲಿ ತಲೆಮಾರುಗಳಿಂದ ಇದೇ ಕೆಲಸ. ಕೈಯಿಂದ ಮಾಡುವ ವಾದ್ಯಗಳಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಇದು ದೋಷವಲ್ಲ, ಆರಿಸುವವನಿಗೆ ಇರುವ ಅವಕಾಶ. ನಾನು ಪಾರ್ಸಲ್ ತರಿಸುವುದು ಬೇಡ ಎಂದೆ. ಒಂದು ಅಂಗಡಿಯಲ್ಲಿ ಇಟ್ಟಿದ್ದ ಆರರಲ್ಲಿ ಎರಡನ್ನು ಸ್ಲೈಡ್ ನೋಡಿಯೇ ಆರಿಸಿದೆ. ಆ ಎರಡೂ ಇವತ್ತಿಗೂ ಮೆರವಣಿಗೆಯಲ್ಲಿವೆ. ಇಕ್ಕಟ್ಟಾದ ಜಾಗದಲ್ಲೇ ಜಾಸ್ತಿ ನುಡಿಸುವ ಬ್ಯಾಂಡಾದರೆ ಸ್ಲೈಡಿನ ಬದಲು ಬೆರಳಿನಿಂದ ಒತ್ತುವ ವಾಲ್ವ್ ಇರುವ ಟ್ರಂಬೋನ್ ಕೂಡ ನೋಡಬಹುದು. ಸ್ಲೈಡ್ ಮುಂದಿನವರ ಬೆನ್ನಿಗೆ ಬಡಿಯುವ ಚಿಂತೆ ಇಲ್ಲ. ಆದರೆ ಜಾರುವ ಸ್ವರ ಹೋಗುತ್ತದೆ. ನನಗಂತೂ ಅದು ಹೋದರೆ ಟ್ರಂಬೋನೇ ಹೋದಂತೆ.

ಮಕ್ಕಳ ವಿಷಯ ಬೇರೆ. ಟಿಳಕವಾಡಿಯ ಒಬ್ಬ ಹುಡುಗ, ಹತ್ತು ವರ್ಷ. ಅವರಪ್ಪ ಟ್ರಿಗರ್ (ಹೆಬ್ಬೆರಳಿನಿಂದ ಒತ್ತುವ ಕೀಲಿ) ಇರುವ ದೊಡ್ಡ ಟ್ರಂಬೋನ್ ಕೊಡಿಸಲು ಸಿದ್ಧರಿದ್ದರು. "ದೊಡ್ಡವನಾದ ಮ್ಯಾಲೂ ನಡೀತೈತಲ್ರೀ" ಎಂದರು. ಹುಡುಗನ ಕೈಗೆ ನನ್ನದನ್ನು ಕೊಟ್ಟೆ. ಐದನೇ ಪೊಸಿಷನ್‌ಗೆ ತೋಳು ಪೂರ್ತಿ ಚಾಚಿತು. ಆರಕ್ಕೆ ಭುಜ ತಿರುಗಿತು. ಏಳು ಮುಟ್ಟಲೇ ಇಲ್ಲ. ಆದರೆ ಅದಕ್ಕಿಂತ ನಾನು ನೋಡಿದ್ದು ಎಡಗೈ. ಟ್ರಂಬೋನಿನ ಪೂರ್ತಿ ಭಾರ ಬೀಳುವುದು ಎಡಗೈ ಮೇಲೆ. ಎರಡು ನಿಮಿಷಕ್ಕೆ ಮಣಿಕಟ್ಟು ನಡುಗತೊಡಗಿತು. ಇಂಥ ಮಗುವಿಗೆ ಇನ್ನೂ ಭಾರದ ವಾದ್ಯ ಕೊಟ್ಟರೆ ಬೇಸಿಗೆ ರಜೆ ಮುಗಿಯುವುದರೊಳಗೆ ಬಿಟ್ಟುಬಿಡುತ್ತದೆ. ನಾನು ಪಿ-ಬೋನ್ ಕೊಡಿಸಿ ಎಂದೆ. ಪ್ಲಾಸ್ಟಿಕ್ ಟ್ರಂಬೋನ್, ಸುಮಾರು 800 ಗ್ರಾಂ ತೂಕ. ಬಿದ್ದರೂ ಹಿತ್ತಾಳೆಯಂತೆ ನೆಗ್ಗುವುದಿಲ್ಲ. ಸ್ಲೈಡ್ ಹಿತ್ತಾಳೆಯದರಷ್ಟು ನಯವಲ್ಲ, ಧ್ವನಿಯಲ್ಲೂ ಆ ಹೊಳಪಿಲ್ಲ. ಅಪ್ಪನಿಗೆ "ಆಟಿಗಿ ಸಾಮಾನ" ಅನ್ನಿಸಿತು. ಹುಡುಗ ನೀಲಿ ಬಣ್ಣದ್ದು ತೆಗೆದುಕೊಂಡ. ಎರಡು ವರ್ಷ ದಿನಾ ಊದಿದ. ಈಗ ಎತ್ತರ ಬೆಳೆದಿದ್ದಾನೆ, ಈಗ ಹಿತ್ತಾಳೆಯದು ಕೊಡಿಸುವ ಹೊತ್ತು.

ಟ್ರಿಗರ್ ಎಂದರೆ ಎಡಗೈ ಹೆಬ್ಬೆರಳಿನಿಂದ ಒತ್ತುವ ಕೀಲಿ. ಒತ್ತಿದರೆ ಗಾಳಿ ಇನ್ನೊಂದು ಸುತ್ತು ಕೊಳವೆಯೊಳಗೆ ಹೋಗಿ ಬರುತ್ತದೆ, ಬಿ-ಫ್ಲಾಟ್ ಟ್ರಂಬೋನ್ ಎಫ್ ಆಗುತ್ತದೆ. ಆರನೇ ಪೊಸಿಷನ್‌ನಲ್ಲಿ ಸಿಗುವ ಸಿ ಸ್ವರ ಮೊದಲನೆಯದರಲ್ಲೇ ಸಿಗುತ್ತದೆ. ಟ್ರಿಗರ್ ಇಲ್ಲದೆ ಸಿಗದ ಕೆಲವು ಕೆಳಗಿನ ಸ್ವರಗಳೂ ಸಿಗುತ್ತವೆ. ನೊಟೇಶನ್ ಓದಿ ನುಡಿಸುವವರಿಗೆ, ಮಿಲಿಟರಿ ಬ್ಯಾಂಡಿಗೆ ತಯಾರಿ ಮಾಡುವವರಿಗೆ ಇದು ನಿಜಕ್ಕೂ ಬೇಕು. ಯಮಾಹಾ 448ಜಿ ಮಧ್ಯಮ ಬೋರ್, ಟ್ರಿಗರ್ ಸಮೇತ. ನಾನು ಊದಿ ನೋಡಿದ ಅಂಥವುಗಳಲ್ಲಿ ಅದರ ಮೇಲೆ ನನಗೆ ಆಸೆ. ಆದರೆ ಲಕ್ಷ ರೂಪಾಯಿ ದಾಟುವ ಮಾತು ಅದು. ಕಡಿಮೆ ದುಡ್ಡಿಗೆ ಟ್ರಿಗರ್ ಬೇಕು ಎಂದು ಹಟ ಮಾಡಿದರೆ ಸ್ಲೈಡೂ ಸರಿಯಿಲ್ಲದ, ಟ್ರಿಗರೂ ಸೋರುವ ವಾದ್ಯ ಮನೆಗೆ ಬರುತ್ತದೆ. ಅಷ್ಟೇ ದುಡ್ಡಿಗೆ ಟ್ರಿಗರ್ ಇಲ್ಲದ ಒಳ್ಳೆಯದು ಸಿಗುತ್ತದೆ.

ನನ್ನ ಈಗಿನ ಟ್ರಂಬೋನ್ ಬಂದದ್ದು ಗೋವಾದಿಂದ. ಮಡಗಾಂವ್ ಕಡೆ ಚರ್ಚಿನ ಸಂಗೀತ, ಊರಿನ ಬ್ಯಾಂಡು ಎರಡೂ ಇರುವುದರಿಂದ ಹಳೆಯ ಒಳ್ಳೆಯ ವಾದ್ಯಗಳು ಮನೆಗಳಲ್ಲಿವೆ. ವಯಸ್ಸಾದ ಒಬ್ಬರು ಮಾರುತ್ತಾರೆ ಎಂದು ತಿಳಿದು ಲೋಂಡಾ ಮೇಲಿಂದ ರೈಲಿನಲ್ಲಿ ಹೋದೆ. ಯಮಾಹಾ 354. ಬೋರ್ 12.7. ಬೆಲ್ ಮಂಕಾಗಿತ್ತು, ಅಂಚಿನಲ್ಲಿ ಎರಡು ನೆಗ್ಗು. ಸ್ಲೈಡ್ ಕೈಗೆ ತೆಗೆದುಕೊಂಡೆ. ಒಂದೊಂದೇ ಕೊಳವೆ ಹಾಕಿ ನೋಡಿದೆ. ಉಸಿರಾಡಿದಷ್ಟು ಹಗುರ. 38 ಸಾವಿರಕ್ಕೆ ಮಾತಾಯಿತು. ಅವರು ಕೊಡುವ ಮೊದಲು ಒಂದು ಸಲ ಊದುತ್ತೇನೆ ಎಂದು ಕೇಳಿಕೊಂಡು, ಕಣ್ಣು ಮುಚ್ಚಿ ನಾಲ್ಕು ಸಾಲು ನುಡಿಸಿದರು. ನಾನು ಆ ನೆಗ್ಗುಗಳನ್ನು ಇನ್ನೂ ತೆಗೆಸಿಲ್ಲ.

ಮೌತ್‌ಪೀಸ್ ಬಗ್ಗೆ ಒಂದೇ ಮಾತು. ವಾದ್ಯದೊಳಗೆ ಕೂರುವ ಅದರ ಕಾಂಡಕ್ಕೆ ಶ್ಯಾಂಕ್ ಅನ್ನುತ್ತಾರೆ. ಸಣ್ಣ ಬೋರಿಗೆ ಸಣ್ಣ ಶ್ಯಾಂಕ್, ದೊಡ್ಡದಕ್ಕೆ ದೊಡ್ಡ ಶ್ಯಾಂಕ್. ದೊಡ್ಡದು ಸಣ್ಣದರೊಳಗೆ ಹೋಗುವುದಿಲ್ಲ, ಸಣ್ಣದು ದೊಡ್ಡದರೊಳಗೆ ಆಳಕ್ಕಿಳಿದು ಅಲುಗಾಡುತ್ತದೆ. ಕಡಿಮೆ ಬೆಲೆಯ ಟ್ರಂಬೋನ್ ಕೊಂಡವರು ಮೊದಲು ಬದಲಿಸಬೇಕಾದದ್ದು ಅದರ ಜೊತೆ ಬಂದ ಮೌತ್‌ಪೀಸ್. ಬಾಕ್ 6½ಎಎಲ್ ಅಥವಾ ಯಮಾಹಾ 48 ತೆಗೆದುಕೊಳ್ಳಿ. ಎರಡು ಪಟ್ಟು ಬೆಲೆಯ ವಾದ್ಯ ಕೊಂಡಷ್ಟು ಫರಕು ಕಾಣುತ್ತದೆ.

ಕಳೆದ ವರ್ಷ ಒಬ್ಬ ಯುವಕ ಬಂದಿದ್ದ. ಹಿಂದೂಸ್ತಾನಿ ಗಾಯನ ಕಲಿಯುತ್ತಾನೆ. ಟ್ರಂಬೋನಿನಲ್ಲಿ ರಾಗ ನುಡಿಸಬೇಕಂತೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಪಕ್ಕದಲ್ಲೇ ಇದೆ, ಇಲ್ಲಿನ ಹುಡುಗರಿಗೆ ಇಂಥ ಆಸೆ ಬಂದರೆ ನನಗೆ ಖುಷಿ. "ಕಾಕಾ, ಮೀಂಡ್ ಇದರಾಗ ಎಷ್ಟ ದೂರ ಎಳೀಬಹುದು?" ಎಂದು ಕೇಳಿದ. ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು. ಒಳ್ಳೆಯ ಪ್ರಶ್ನೆ. ಏಳು ಪೊಸಿಷನ್ ಎಂದರೆ ಆರು ಅರ್ಧ ಸ್ವರಗಳ ದೂರ. ಪಂಚಮದಿಂದ ತಾರ ಷಡ್ಜಕ್ಕೆ ಐದು, ಒಂದೇ ಎಳೆತದಲ್ಲಿ ಬರುತ್ತದೆ. ಷಡ್ಜದಿಂದ ಪಂಚಮಕ್ಕೆ ಏಳು, ಬರುವುದಿಲ್ಲ. ನಡುವೆ ತುಟಿಯಿಂದ ದಾಟಬೇಕು. ಹಾರ್ಮೋನಿಯಮ್ಮಿನ ಕರಿ 5, ಅಂದರೆ ಐದನೇ ಕರಿ ಮನೆಯ ಸ್ವರ (ಬಿ-ಫ್ಲಾಟ್), ಮೊದಲ ಪೊಸಿಷನ್‌ನಲ್ಲೇ ಇದೆ, ಆದರೆ ಅಲ್ಲಿ ಷಡ್ಜ ಇಟ್ಟರೆ ತುಟಿ ಬದಲಿಸದೆ ಮೇಲಕ್ಕೆ ಎಳೆಯಲು ಜಾಗವೇ ಇಲ್ಲ. ಅರ್ಧ ದಿನ ಇದೇ ಲೆಕ್ಕ ಹಾಕುತ್ತಾ ಕೂತೆವು. ಷಡ್ಜವನ್ನು ನಾಲ್ಕನೇ ಪೊಸಿಷನ್‌ಗೆ ಇಟ್ಟುಕೊಂಡರೆ ಎರಡೂ ಕಡೆ ಮೂರು ಮೂರು ಸಿಗುತ್ತದೆ ಎಂದು ಅವನೇ ಕಂಡುಕೊಂಡ. ಇವನಿಗೆ ಬೋರ್, ಬೆಲ್ ಎಲ್ಲ ಆಮೇಲೆ. ದುಡ್ಡು ಇದ್ದಷ್ಟೂ ಸ್ಲೈಡಿಗೇ ಹೋಗಬೇಕು. 25 ಸಾವಿರ ಇತ್ತು. ಹೊಸದು ಬೇಡ ಎಂದೆ. ನಾಲ್ಕು ತಿಂಗಳು ಕಾದು, ಮೂರು ಬೇಡವೆಂದು ಬಿಟ್ಟು, ನಾಲ್ಕನೆಯದು ಕೊಂಡೆವು. ಬೆಲ್ ಮೇಲೆ ಯಾರದೋ ಹಳೆಯ ಹೆಸರು ಕೆತ್ತಿದೆ, ಸ್ಲೈಡ್ ಬೆಣ್ಣೆ.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗೂ ಬೂಷ್ಟು. ಕೊಬ್ಬರಿ ಎಣ್ಣೆ ಹಾಕುವ ರೂಢಿ ನಮ್ಮಲ್ಲಿದೆ, ಹಾಕಬೇಡಿ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಸ್ಟಾಕಿಂಗ್ ಮೇಲೆ ಕಾಳಿನಷ್ಟು ಸ್ಲೈಡ್ ಕ್ರೀಮ್, ಮೇಲೆ ನೀರಿನ ಸ್ಪ್ರೇ ಸಾಕು. ಊದಿದ ಮೇಲೆ ನೀರು ಬಸಿದು, ಒಳ ಕೊಳವೆಯೊಳಗೆ ಬಟ್ಟೆ ಎಳೆದು ಒಣಗಿಸಿ. ಕೊಂಡ ದಿನವೇ ಗಟ್ಟಿ ಪೆಟ್ಟಿಗೆಯನ್ನೂ ಕೊಳ್ಳಿ. ಮೆತ್ತನೆ ಚೀಲದಲ್ಲಿ ಹಾಕಿ ಬಸ್ಸಿನ ಮೇಲೆ ಏರಿಸಿದ ಒಂದೇ ಪ್ರಯಾಣಕ್ಕೆ ಸ್ಲೈಡ್ ಬಾಗಿದ್ದನ್ನು ನಾನು ನೋಡಿದ್ದೇನೆ. ನೀಲಿ ಪಿ-ಬೋನಿನ ಹುಡುಗನಿಗೆ ಬರುವ ಭಾನುವಾರ ಒಂದು 354 ನೋಡಲು ಹೋಗುತ್ತಿದ್ದೇವೆ. ಸ್ಲೈಡನ್ನು ಮೊದಲು ಅವನೇ ನೋಡುತ್ತಾನಂತೆ.