ನೀಲಿ ವಿಲ್ಲೋ ತಟ್ಟೆ: ತಿರುಗಿಸಿ ನೋಡುವ ಮೊದಲು

ಬ್ಲೂ ವಿಲ್ಲೋ ಅಂದರೆ ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ. ನಡುವೆ ಬಾಗಿದ ವಿಲ್ಲೋ ಮರ, ಅದರ ಬಲಕ್ಕೆ ಚೀನಾ ಥರದ ಮನೆ, ಎಡಕ್ಕೆ ಸೇತುವೆ, ಸೇತುವೆ ಮೇಲೆ ಮೂವರು. ಒಂದು ದೋಣಿ, ಮುಂದೆ ಅಡ್ಡಾದಿಡ್ಡಿ ಬೇಲಿ, ಮೇಲೆ ಎದುರುಬದುರು ಹಾರುವ ಎರಡು ಹಕ್ಕಿ. ಇಂಗ್ಲೆಂಡಿನ ಚಾರಿಟಿ ಅಂಗಡಿಗಳಲ್ಲಿ, ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಭಾನುವಾರದ ಕಾರ್ ಬೂಟ್ ಸೇಲ್‌ಗಳಲ್ಲಿ ಇದು ಸಿಗುತ್ತಲೇ ಇರುತ್ತದೆ. ಮಿಡ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದ ಮೇಲೆ ನಾನು ಈ ಒಂದೇ ಡಿಸೈನಿನ ಹಿಂದೆ ಬಿದ್ದಿದ್ದೇನೆ. ಬೇರೆ ಹಳೇ ಪಿಂಗಾಣಿ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವುದಿಲ್ಲ.

ಕಾರಣ ಇದೆ. ವಿಲ್ಲೋ ಯಾವ ಒಂದು ಕಂಪನಿಯ ಸ್ವತ್ತೂ ಆಗಿರಲಿಲ್ಲ. 1790ರ ಆಸುಪಾಸಿನಲ್ಲಿ ಚೀನಾದಿಂದ ಬರುತ್ತಿದ್ದ ನೀಲಿ ಪಾತ್ರೆಗಳನ್ನು ನೋಡಿ ಇಂಗ್ಲೆಂಡಿನವರು ಕಟ್ಟಿದ ಚಿತ್ರ ಇದು. ಸ್ಪೋಡ್, ಮಿಂಟನ್, ವೆಜ್‌ವುಡ್, ಆಡಮ್ಸ್ ಅನ್ನುವ ಅಲ್ಲಿನ ಪಿಂಗಾಣಿ ಕಂಪನಿಗಳೆಲ್ಲ ಅದನ್ನು ಅಚ್ಚು ಹಾಕಿದವು. 1905ರಲ್ಲಿ ಅಮೆರಿಕದ ಬಫಲೋ ಪಾಟರಿ ಶುರು ಮಾಡಿತು. ಜಪಾನಿನ ಕಾರ್ಖಾನೆಗಳೂ ಸೇರಿಕೊಂಡವು. ಹೆಸರು ಒಂದೇ, ಚಿತ್ರ ಮಾತ್ರ ಬೇರೆ ಬೇರೆ. ಈ ಬೇರೆತನವನ್ನು ಗುರುತಿಸುವುದೇ ನನಗೆ ಇಷ್ಟದ ಕೆಲಸ.

ಹೊಸದಾಗಿ ಸಂಗ್ರಹ ಶುರು ಮಾಡಿದವರು ತಟ್ಟೆ ಕೈಗೆ ಸಿಕ್ಕ ಕೂಡಲೇ ತಿರುಗಿಸಿ ಹಿಂದಿನ ಮುದ್ರೆ ಓದುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹಳೆಯ ಎಷ್ಟೋ ತಟ್ಟೆಗಳಿಗೆ ಮುದ್ರೆಯೇ ಇರುವುದಿಲ್ಲ. ಇದ್ದರೂ ಅದು ಮಾಡಿದವರ ಹೆಸರು ಹೇಳುತ್ತದೆಯೇ ಹೊರತು ಯಾವ ಚಿತ್ರ ಅಂತ ಹೇಳುವುದಿಲ್ಲ. ಒಂದೇ ಕಂಪನಿ ಎರಡು ಮೂರು ಥರದ ವಿಲ್ಲೋ ಮಾಡಿದ್ದುಂಟು. ಇಸವಿಯನ್ನಂತೂ ಸುಮ್ನೆ ನಂಬಬಾರದು. ಆಡಮ್ಸ್ ಮುದ್ರೆಯಲ್ಲಿ 1657 ಅಂತ ಇರುತ್ತದೆ. ಅದು ಕಂಪನಿ ತಾನು ಹುಟ್ಟಿದ್ದು ಅಂತ ಹೇಳಿಕೊಳ್ಳುವ ವರ್ಷ. ಆಗ ವಿಲ್ಲೋ ಚಿತ್ರವೇ ಇರಲಿಲ್ಲ ಅಲ್ವಾ?

ಹಾಗಾಗಿ ಮೊದಲು ಅಂಚು ನೋಡುತ್ತೇನೆ. ನಮ್ಮಲ್ಲಿ ಅಂಚು ನೋಡಿಯೇ ಇಳಕಲ್ ಸೀರೆಯೋ ಮೊಳಕಾಲ್ಮೂರು ಸೀರೆಯೋ ಅಂತ ಹೇಳುವ ಹೆಂಗಸರಿದ್ದಾರಲ್ಲ, ಇದೂ ಹಾಗೇ. ಮಾಮೂಲಿ ವಿಲ್ಲೋಗೆ ಜಾಲರಿ, ಸುರುಳಿ, ಮೂಲೆಕಟ್ಟಿನ ಗೆರೆಗಳು ತುಂಬಿದ ಅಗಲವಾದ ಅಂಚು ಇರುತ್ತದೆ. ಅದರ ಒಳಗೆ, ಚಿತ್ರದ ಸುತ್ತ, ಇನ್ನೊಂದು ತೆಳು ಪಟ್ಟಿ. ಕೆಲವು ತಟ್ಟೆಗಳಲ್ಲಿ ನಡುವಿನ ಚಿತ್ರದ್ದೇ ಮನೆ, ಮರ, ನೀರು ಅಂಚಿಗೂ ಹೋಗಿರುತ್ತವೆ. ಇನ್ನು ಕೆಲವಕ್ಕೆ ಚಿಟ್ಟೆಗಳ ಅಂಚು. ಟನ್‌ಸ್ಟಲ್ ಊರಿನ ಬೂತ್ಸ್ ಕಂಪನಿ ಮಾಡಿದ ರಿಯಲ್ ಓಲ್ಡ್ ವಿಲ್ಲೋದ ಅಂಚೇ ಬೇರೆ, ಸುತ್ತ ಚಿನ್ನದ ಗೆರೆ ಬೇರೆ. ಒಂದು ಸಲ ಕಣ್ಣಿಗೆ ಕೂತರೆ ದೂರದಿಂದಲೇ ಗೊತ್ತಾಗುತ್ತದೆ.

ಆಮೇಲೆ ಸೇತುವೆ. ಮೂವರಿದ್ದರೆ ಮಾಮೂಲಿ ವಿಲ್ಲೋ. ಇಬ್ಬರೇ ಇದ್ದು, ಎರಡು ಗುಡಿಗಳು ಒಂದರ ಮೇಲೊಂದು ಬಂದ ಹಾಗೆ ಕಂಡರೆ ಅದು ಟೂ ಟೆಂಪಲ್ಸ್ ಅನ್ನುವ ಇನ್ನೊಂದು ಥರದ ವಿಲ್ಲೋ. ಸೇತುವೆಯೇ ಇಲ್ಲದಿದ್ದರೆ ಬಹುತೇಕ ಮ್ಯಾಂಡರಿನ್ ಅನ್ನುವ ಮತ್ತೊಂದು ಥರ. ಹಕ್ಕಿ ಇಲ್ಲದ ತಟ್ಟೆ ಕಂಡರೆ "ಇದು ಅಸಲಿ ಅಲ್ಲ" ಅನ್ನುವ ಮಾರಾಟಗಾರರು ಇದ್ದಾರೆ. ಪ್ರೇಮಿಗಳಿಬ್ಬರು ಸತ್ತು ಹಕ್ಕಿಗಳಾದರು ಅನ್ನುವ ಕಥೆಯನ್ನು ಅವರು ತಟ್ಟೆಗಿಂತ ಹಳೆಯದು ಅಂದುಕೊಂಡಿರುತ್ತಾರೆ. ಆ ಕಥೆ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಅಚ್ಚಾಗಿದ್ದು 1849ರಲ್ಲಿ. ಅಷ್ಟು ಹೊತ್ತಿಗೆ ತಟ್ಟೆಗಳು ಮನೆಮನೆಯಲ್ಲಿ ಅರ್ಧ ಶತಮಾನ ಕಳೆದಿದ್ದವು. ಹಕ್ಕಿಯಿಲ್ಲದ ಒಳ್ಳೆ ತಟ್ಟೆಗಳು ನನಗೆ ಅಗ್ಗವಾಗಿ ಸಿಕ್ಕಿದ್ದು ಈ ತಪ್ಪು ತಿಳಿವಳಿಕೆಯಿಂದಲೇ. ಚಿತ್ರದಲ್ಲಿ ಮನೆಯ ಹಿಂದಿರುವ ಮರದ ಹಣ್ಣುಗಳನ್ನೂ ಎಣಿಸುತ್ತೇನೆ. ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಆ ಲೆಕ್ಕ ಬದಲಾಗುತ್ತದೆ. ಮುದ್ರೆಯಿಲ್ಲದ ಎರಡು ತಟ್ಟೆ ಒಂದೇ ಸೆಟ್ಟಿನವೇ ಅಂತ ನೋಡಲು ಇದು ತುಂಬ ಉಪಯೋಗ.

ಮೂರನೆಯದು ಜೋಡಣೆ, ಅಂದರೆ ಅಂಚಿನ ಪಟ್ಟಿಯ ಎರಡು ತುದಿ ಸೇರುವ ಜಾಗ. ಇದನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಒಮ್ಮೆ ಕಣ್ಣಾರೆ ನೋಡುವುದು ಮೇಲು. ಸ್ಟೋಕ್-ಆನ್-ಟ್ರೆಂಟ್‌ನ ಬರ್ಸ್‌ಲಮ್‌ನಲ್ಲಿ 1889ರ ಮಿಡಲ್‌ಪೋರ್ಟ್ ಪಾಟರಿ ಇದೆ. ಬರ್ಲೀ ಅನ್ನುವ ಹೆಸರಿನ ಪಾತ್ರೆಗಳಿಗೆ ಅಲ್ಲಿ ಇವತ್ತಿಗೂ ತೆಳು ಕಾಗದದಿಂದಲೇ ಚಿತ್ರ ಇಳಿಸುತ್ತಾರೆ. ಕೊರೆದ ತಾಮ್ರದಿಂದ ಬಣ್ಣ ಕಾಗದಕ್ಕೆ ಬರುತ್ತದೆ. ಕಾಗದ ಎಷ್ಟು ತೆಳು ಅಂದರೆ ಒದ್ದೆಯಾದರೂ ಹರಿಯದೆ ತಟ್ಟೆಯ ಬಾಗಿಗೆ ಬಾಗುತ್ತದೆ. ಕೆಲಸದವರು ಕತ್ತರಿಯಿಂದ ಅಂಚಿನ ಪಟ್ಟಿಯನ್ನು ಕತ್ತರಿಸಿ, ಒಮ್ಮೆ ಸುಟ್ಟ, ಇನ್ನೂ ಹೊಳಪು (ಗಾಜಿನಂಥ ಲೇಪ, ಗ್ಲೇಜ್) ಹಾಕದ ಪಾತ್ರೆಯ ಮೇಲೆ ಕೂರಿಸಿ, ಗಟ್ಟಿ ಬ್ರಷ್‌ನಿಂದ ಜೋರಾಗಿ ಉಜ್ಜುತ್ತಾರೆ. ಕಾಗದ ನೀರಲ್ಲಿ ಬಿಟ್ಟುಕೊಳ್ಳುತ್ತದೆ, ಬಣ್ಣ ಉಳಿಯುತ್ತದೆ. ಹೊಳಪು ಹಾಕುವುದು ಆಮೇಲೆ.

ಉದ್ದ ಪಟ್ಟಿಯನ್ನು ದುಂಡಗಿನ ತಟ್ಟೆಗೆ ಸುತ್ತಿದರೆ ಎರಡು ತುದಿ ಎಲ್ಲೋ ಒಂದು ಕಡೆ ಸೇರಲೇಬೇಕು. ಅಲ್ಲಿ ಗೆರೆಗಳು ತಪ್ಪುತ್ತವೆ. ನನ್ನ ಹತ್ತಿರದ ಒಂದು ದೊಡ್ಡ ತಟ್ಟೆಯಲ್ಲಿ, ಬಲಗಡೆ ಕೆಳಗೆ, ಒಂದು ಸುರುಳಿ ಅರ್ಧಕ್ಕೇ ನಿಂತು ಪಕ್ಕದ ಜಾಲರಿ ಅದರ ಮೇಲೆ ಹತ್ತಿದೆ. ಅದರ ಕೆಳಗೆ ಕೂದಲಷ್ಟು ಅಗಲದ ಬಿಳಿ ಸೀಳು. ಕೊಳ್ಳುವಾಗ ಅಂಗಡಿಯವರು ಅದನ್ನು ದೋಷ ಅಂತ ತೋರಿಸಿದರು. ನಾನು ಆ ತಟ್ಟೆ ತೆಗೆದುಕೊಂಡಿದ್ದೇ ಅದಕ್ಕಾಗಿ. ಜೋಡಣೆ ಕಂಡರೆ ಅದು ಕೈಯಲ್ಲಿ ಕೂರಿಸಿದ ಚಿತ್ರ. ಎಲ್ಲೂ ಕಾಣದೆ ಅಂಚು ಸಲೀಸಾಗಿ ಸುತ್ತಿಕೊಂಡಿದ್ದರೆ ಬಹುತೇಕ ಈಚಿನ ಸ್ಟಿಕ್ಕರ್ ಥರದ ಅಚ್ಚು. ಅನುಮಾನ ಇದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯುತ್ತೇನೆ. ತಾಮ್ರದಲ್ಲಿ ಕೊರೆದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನೆರಳಿನ ಜಾಗದಲ್ಲಿ ಚುಕ್ಕೆಗಳು ಒಂದೇ ಅಳತೆಯಲ್ಲಿರುವುದಿಲ್ಲ.

ಇಷ್ಟಾದ ಮೇಲೆ ತಟ್ಟೆ ತಿರುಗಿಸುತ್ತೇನೆ. ಆಗಲೂ ಮೊದಲು ತಳದ ಉಂಗುರದ ಒಳಮೂಲೆ. ಅಲ್ಲಿ ಹೊಳಪು ನಿಂತು ನೀಲಿಯಾಗಿ ಕಂಡರೆ ಅದು ಪರ್ಲ್‌ವೇರ್ ಅನ್ನುವ ಹಳೇ ಥರದ ಪಾತ್ರೆ ಇರಬಹುದು. ಹಳದಿಗೆ ತಿರುಗುವ ಮಣ್ಣನ್ನು ಬಿಳಿಯಾಗಿ ಕಾಣಿಸಲು ಹೊಳಪಿಗೆ ಚೂರು ಕೋಬಾಲ್ಟ್ ಹಾಕುತ್ತಿದ್ದರು. ಮೂರು ಪುಟ್ಟ ಕಲೆಗಳಿದ್ದರೆ, ಸುಡುವ ಗೂಡಿನಲ್ಲಿ ತಟ್ಟೆಯನ್ನು ಮೊನೆಗಳ ಮೇಲೆ ನಿಲ್ಲಿಸಿದ ಗುರುತು. ಕೊನೆಗೆ ಮುದ್ರೆ. ವಜ್ರದಾಕಾರದ ನೋಂದಣಿ ಗುರುತು ಇದ್ದರೆ ಆ ನೋಂದಣಿ 1842ರಿಂದ 1883ರ ನಡುವಿನದು. ಆರ್‌ಡಿ (Rd, ಅಂದರೆ ನೋಂದಣಿಯಾಗಿದೆ) ಅಂತ ಬರೆದು ಸಂಖ್ಯೆ ಇದ್ದರೆ 1884ರಿಂದ ಈಚೆ. ದೇಶದ ಹೆಸರು ಬಂದಿದ್ದು ಅಮೆರಿಕದ ಸುಂಕದ ಕಾನೂನಿನಿಂದ. 1891ರಿಂದ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಹಾಗಾಗಿ ಇಂಗ್ಲೆಂಡ್ ಅಂತಿದ್ದರೆ ಸಾಮಾನ್ಯವಾಗಿ ಅದರ ನಂತರದ್ದು, ಮೇಡ್ ಇನ್ ಇಂಗ್ಲೆಂಡ್ ಅಂತಿದ್ದರೆ ಬಹುಪಾಲು 20ನೇ ಶತಮಾನದ್ದು. ಜಪಾನಿನ ತಟ್ಟೆಗಳಲ್ಲಿ ನಿಪ್ಪಾನ್ (ಜಪಾನಿ ಭಾಷೆಯಲ್ಲಿ ಜಪಾನ್) ಅನ್ನುವ ಮುದ್ರೆ 1921ರವರೆಗೆ. ಆಕ್ಯುಪೈಡ್ ಜಪಾನ್ ಅಂತ ಇದ್ದರೆ ಯುದ್ಧ ಮುಗಿದು 1952ರ ಒಳಗಿನದು. ಡಿಶ್‌ವಾಷರ್ ಸೇಫ್ ಅಂತ ಇದ್ದರೆ ಹೇಳುವುದೇ ಬೇಡ.

ದುಡ್ಡು ಕೊಡುವ ಮೊದಲು ತಟ್ಟೆಯನ್ನು ಬೆರಳ ತುದಿಯ ಮೇಲೆ ಹಿಡಿದು ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ. ಸದ್ದು ಮಂಕಾಗಿ ಬಂದರೆ ಎಲ್ಲೋ ಬಿರುಕಿದೆ. ಅಂಥದ್ದಕ್ಕೆ ಒಂದೆರಡು ಪೌಂಡಿಗಿಂತ ಜಾಸ್ತಿ ಕೊಡುವುದಿಲ್ಲ, ಆದರೆ ಬೇಡ ಅನ್ನುವುದೂ ಇಲ್ಲ. ಚಿತ್ರ ಕಲಿಯಲು ಬಿರುಕಿನ ತಟ್ಟೆಯೂ ಸಾಕು. ಹಿಂಬದಿಯಲ್ಲಿ ಲೋಹದ ಕೊಂಡಿ ಹಾಕಿ ಜೋಡಿಸಿದ ಹಳೇ ತಟ್ಟೆಗಳೆಂದರೆ ನನಗೆ ವಿಶೇಷ ಪ್ರೀತಿ. ಒಡೆದ ಮೇಲೂ ಎಸೆಯಲು ಮನಸ್ಸು ಬಾರದಷ್ಟು ಬೇಕಾಗಿತ್ತು ಯಾರಿಗೋ.

ಮನೆಗೆ ಬಂದವರು "ಇದರಲ್ಲಿ ಊಟ ಮಾಡಬಹುದಾ?" ಅಂತ ಕೇಳುತ್ತಾರೆ. ಹಳೆಯ ಹೊಳಪಿನಲ್ಲಿ ಸೀಸ ಇರುತ್ತದೆ. ನಮ್ಮ ಸಾರು, ಗೊಜ್ಜಿನ ಹುಳಿ ಅದಕ್ಕೆ ತಾಗುವುದು ಒಳ್ಳೆಯದಲ್ಲ. ಅದಕ್ಕೇ ನೋಡಲಷ್ಟೇ. ತೊಳೆಯುವುದು ಉಗುರುಬೆಚ್ಚಗಿನ ನೀರಿನಲ್ಲಿ, ಕೈಯಲ್ಲಿ. ಬ್ಲೀಚ್ ಹಾಕಬೇಡಿ, ಸಣ್ಣ ಬಿರುಕುಗಳೊಳಗೆ ಇಳಿದು ಹೊಳಪನ್ನೇ ಎಬ್ಬಿಸಿಬಿಡುತ್ತದೆ. ಒಂದರ ಮೇಲೊಂದು ಇಡುವಾಗ ನಡುವೆ ಕಾಗದ ಇಡಿ. ಕೆಳಗಿನ ತಟ್ಟೆಗೆ ಗೀರು ಬೀಳುವುದು ಮೇಲಿನ ತಟ್ಟೆಯ ತಳದ ಉಂಗುರದಿಂದಲೇ. ಗೋಡೆಗೆ ತೂಗುವುದಾದರೆ ಬಿಗಿಯಾದ ಸ್ಪ್ರಿಂಗ್ ತಂತಿ ಬೇಡ, ಅಂಚು ಕಿತ್ತು ಬರುತ್ತದೆ.

ಸದ್ಯಕ್ಕೆ ನಾನು ಹುಡುಕುತ್ತಿರುವುದು ಮ್ಯಾಂಡರಿನ್ ಚಿತ್ರದ ಒಂದು ಮುಚ್ಚಳ. ಪಾತ್ರೆ ಮಾತ್ರ ಸಿಕ್ಕಿದೆ. ಅದರ ಬಾಯಿಯ ಅಳತೆಯನ್ನೂ ಅಂಚಿನ ಫೋಟೋವನ್ನೂ ಫೋನಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ.