ಪತ್ತನಾಜೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ನನ್ನ ತರಕಾರಿ ಗದ್ದೆ

ಘಟ್ಟದ ಮೇಲಿನ ನೆಂಟರು ನಮ್ಮಲ್ಲಿಗೆ ಬಂದಾಗ ಕೇಳುವುದುಂಟು: "ಇಷ್ಟು ಬಿಸಿಲಲ್ಲಿ ಯಾಕೆ ಕಷ್ಟ ಪಡ್ತೀರಿ? ಮಳೆಗಾಲದಲ್ಲಿ ತರಕಾರಿ ಮಾಡಿದರೆ ನೀರು ಹಾಕುವ ಕೆಲಸವೇ ಇರಲ್ವಲ್ಲ?" ಪುತ್ತೂರು ಕಡೆಯ ಮಳೆ ನೋಡದವರ ಮಾತು ಇದು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಸುರಿಯುವ ಜಾಗ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಣ್ಣು ಏರಿಸಿ ಮಡಿ ಮಾಡಿ ಒಂದಿಷ್ಟು ಬೆಂಡೆ, ಮುಳ್ಳುಸೌತೆ ಬೆಳೆಸಬಹುದು. ಉಳಿದದ್ದರ ಬುಡ ಕೊಳೆಯುತ್ತದೆ. ಹಾಗಾಗಿ ಕರಾವಳಿಯವರಿಗೆ ತರಕಾರಿಯ ಕಾಲ ಅಂದರೆ ದೀಪಾವಳಿ ಕಳೆದಲ್ಲಿಂದ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗೆ. ಬೇಸಿಗೆಯಲ್ಲಿ ತಿನ್ನುವುದಕ್ಕಷ್ಟೇ ಅಲ್ಲ, ಮಳೆಗಾಲಕ್ಕೆ ತೂಗುಹಾಕಿ ಇಡುವುದಕ್ಕೂ ಇದೇ ಬೆಳೆ.

ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಭೂತಕೋಲಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ ಯಾವತ್ತು ಬೇಕಾದರೂ ಬಂದೀತು. ನಾನು ಲೆಕ್ಕ ಹಾಕುವುದು ಅಲ್ಲಿಂದ ಹಿಂದಕ್ಕೆ. ಬೂದುಕುಂಬಳ ಚೆನ್ನಾಗಿ ಬಲಿಯಲು ನಾಲ್ಕು ತಿಂಗಳು ಬೇಕು, ಅದು ಡಿಸೆಂಬರ್‌ನಲ್ಲೇ ಮಣ್ಣಿಗೆ ಬೀಳಬೇಕು. ಸೌತೆಕಾಯಿ, ಅಂದರೆ ಸಾಂಬಾರಿನ ಸೌತೆ, ಪೂರ್ತಿ ಹಣ್ಣಾಗಲು ಎಪ್ಪತ್ತು ಎಂಬತ್ತು ದಿನ. ಏಪ್ರಿಲ್ 14ರ ಹೊತ್ತಿಗೆ ಬರುವ ಬಿಸುವಿಗೆ, ಅಂದರೆ ತುಳುವರ ಹೊಸ ವರ್ಷಕ್ಕೆ, ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿ ಇಡಲು ಹೊಂಬಣ್ಣದ ಸೌತೆ ನಮ್ಮದೇ ಗದ್ದೆಯದ್ದು ಬೇಕು ಅಂತ ಆಸೆ ಇದ್ದರೆ ಜನವರಿ ದಾಟುವಂತಿಲ್ಲ. ಬೆಂಡೆ, ಅಲಸಂಡೆ ಒಂದೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಅವನ್ನು ಒಟ್ಟಿಗೇ ಹಾಕದೆ ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಹಾಕುತ್ತೇನೆ. ಇಲ್ಲದಿದ್ದರೆ ಒಂದು ವಾರ ಊರಿಗೆಲ್ಲ ಹಂಚುವಷ್ಟು, ಮರುವಾರ ಪಲ್ಯಕ್ಕೂ ಇಲ್ಲ.

ಟೊಮೆಟೊ ನಾನು ಮಾಡುವುದಿಲ್ಲ. ನಮ್ಮ ಹುಳಿ ಮಣ್ಣಿಗೆ ಸೊರಗು ರೋಗ ಬೇಗ ಹತ್ತುತ್ತದೆ, ಕಾಯಿ ಬಿಟ್ಟ ಗಿಡ ಬೆಳಿಗ್ಗೆ ನೋಡಿದರೆ ಹಸುರಾಗಿಯೇ ಬಾಡಿ ನಿಂತಿರುತ್ತದೆ. ಟೊಮೆಟೊ ಅಂಗಡಿಯಿಂದ ತರುವುದೇ ಒಳ್ಳೆಯದು.

ಜಾಗ ಅಂದರೆ ಅಡಿಕೆ ತೋಟದ ಬದಿಯ ಹಳೇ ಗದ್ದೆಯಲ್ಲಿ ಐದು ಸೆಂಟ್ಸ್, ಅಂದರೆ ಎಕರೆಯ ಇಪ್ಪತ್ತನೇ ಒಂದು ಭಾಗ. ಬೀಜ ಹಾಕುವ ಮೊದಲು ಸುಡುಮಣ್ಣು ಮಾಡುತ್ತೇವೆ. ಒಣ ಕಡ್ಡಿ, ತರಗೆಲೆ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಬುಡಕ್ಕೆ ಬೆಂಕಿ ಕೊಡುವುದು. ಉರಿ ಏಳಬಾರದು, ಒಳಗೊಳಗೇ ದಿನಗಟ್ಟಲೆ ಹೊಗೆಯಾಡಬೇಕು. ತಣಿದ ಮೇಲೆ ಆ ಮಣ್ಣು ಪುಡಿಪುಡಿ ಆಗಿರುತ್ತದೆ, ಕಳೆ ಬೀಜ ಸತ್ತಿರುತ್ತದೆ, ಬೂದಿಯೂ ಸೇರಿರುತ್ತದೆ. ಒಣ ಹಟ್ಟಿಗೊಬ್ಬರದ ಜೊತೆ ಬೆರೆಸಿ ಗುಳಿಗೆ ತುಂಬಿಸಿದರೆ ಮೊದಲ ತಿಂಗಳಿಗೆ ಬೇರೇನೂ ಬೇಡ. ಆಮೇಲೆ ಸೆಗಣಿ ನೀರು, ವಾರ ಬಿಟ್ಟು ವಾರ.

ಹರಿವೆ ಬೀಜದ ಶತ್ರು ಇರುವೆ. ಬಿತ್ತಿದ ಸಂಜೆಯೇ ಸಾಲಾಗಿ ಬಂದು ಹೊತ್ತುಕೊಂಡು ಹೋಗುತ್ತವೆ. ಅತ್ತೆ ಹೇಳಿಕೊಟ್ಟ ಉಪಾಯ: ಬೀಜದ ಜೊತೆ ಒಂದು ಹಿಡಿ ಅಕ್ಕಿ ನುಚ್ಚು ಬೆರೆಸಿ ಬಿತ್ತುವುದು. ಇರುವೆಗಳಿಗೆ ನುಚ್ಚೇ ಇಷ್ಟ, ಅದನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಹರಿವೆ ಮೊಳಕೆ ಬಂದಿರುತ್ತದೆ. ಸಣ್ಣ ಬೀಜ ಒಂದೇ ಕಡೆ ಬೀಳದೆ ಹರಡುವುದಕ್ಕೂ ಅನುಕೂಲ.

ನೀರಿನದ್ದೇ ದೊಡ್ಡ ಕಥೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ನೆಲ ನಮ್ಮದು, ಎಷ್ಟು ಹೊಯ್ದರೂ ಕೆಳಗೆ ಇಳಿದುಬಿಡುತ್ತದೆ. ಪೈಪ್ ಹಿಡಿದು ಇಡೀ ಗದ್ದೆ ಒದ್ದೆ ಮಾಡುವುದು ನೋಡಲು ಚೆಂದ, ಗಿಡಕ್ಕೆ ಸಿಗುವುದು ಕಡಿಮೆ. ಗುಳಿಗೆ ಮಾತ್ರ ನೀರು, ಸುತ್ತ ಅಡಿಕೆ ಸೋಗೆ ಮತ್ತು ತರಗೆಲೆಯ ದಪ್ಪ ಮುಚ್ಚಿಗೆ. ಮಾರ್ಚ್‌ನಲ್ಲಿ ಮಧ್ಯಾಹ್ನ ಆ ಮುಚ್ಚಿಗೆ ಸರಿಸಿ ಬೆರಳು ಹಾಕಿ ನೋಡಿ, ಮಣ್ಣು ತಂಪಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಬಾವಿ ಇಳಿದಾಗ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಅಂತ ಯೋಚಿಸಬೇಕಾಗುತ್ತದೆ. ಬಲಿತ ಸೌತೆ, ಕುಂಬಳಕ್ಕೆ ಆ ಹೊತ್ತಿಗೆ ನೀರು ಕಡಿಮೆ ಮಾಡಿದರೇ ಒಳ್ಳೆಯದು, ಕಾಯಿ ಗಟ್ಟಿಯಾಗಿ ಬಾಳಿಕೆ ಬರುತ್ತದೆ. ಬಸಳೆ ಚಪ್ಪರ ಬಚ್ಚಲಿನ ಹಿಂದೆಯೇ ಇದೆ, ಅದಕ್ಕೆ ಬಾವಿ ನೀರು ಕೊಟ್ಟದ್ದೇ ಇಲ್ಲ. ಉಳಿದ ನೀರು ಬೆಂಡೆಗೆ ಮತ್ತು ಅಲಸಂಡೆಗೆ.

ಇನ್ನು ಹೂವಿನ ವಿಷಯ. "ಬಳ್ಳಿ ತುಂಬ ಹೂವು, ಒಂದು ಕಾಯಿ ಇಲ್ಲ" ಅಂತ ತುಂಬಾ ಜನ ಗೊಣಗುತ್ತಾರೆ. ಸೌತೆ, ಕುಂಬಳದ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರುವುದು ಬರೀ ಗಂಡು. ಬಿಸಿಲು ಜಾಸ್ತಿ ಇದ್ದರೆ ಅದರ ಸಂಖ್ಯೆಯೂ ಜಾಸ್ತಿ. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಎಸಳಿನ ಹಿಂದೆಯೇ ಬೆರಳ ತುದಿಯಷ್ಟು ಕಾಯಿ ಅಂಟಿಕೊಂಡಿರುತ್ತದೆ. ಜೇನುನೊಣ ಕಡಿಮೆ ಇದ್ದರೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣಿನ ಮೇಲೆ ಮೆಲ್ಲಗೆ ಒರೆಸಬೇಕು. ಆದರೆ ಹೊತ್ತು ನೋಡಿ ಹೋಗಬೇಕು. ಸೌತೆ, ಸಿಹಿಗುಂಬಳ ಬೆಳಿಗ್ಗೆ ಅರಳುತ್ತವೆ, ಬಿಸಿಲೇರಿದರೆ ಮುಗಿಯಿತು. ಹೀರೆ ಅರಳುವುದು ಸಂಜೆ ಐದರ ಮೇಲೆ. ತುಪ್ಪದ ಹೀರೆ ಅದರ ತಂಗಿಯಾದರೂ ಬೆಳಿಗ್ಗೆಯದ್ದು. ಸೋರೆ, ಪಡವಲ ಕತ್ತಲಾಗುವಾಗ ಬಿಳಿ ಹೂವು ಬಿಡುತ್ತವೆ. ಪಡವಲದ ಹೂವಿನ ಅಂಚಿಗೆ ದಾರದಂಥ ಎಳೆಗಳು, ದೊಡ್ಡ ಪತಂಗಗಳು ಅದರ ಮೇಲೆ ಕೂರದೆ ಹಾರುತ್ತಲೇ ಹೀರುತ್ತವೆ. ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದು ಚಪ್ಪರದ ಕೆಳಗೆ ನಿಲ್ಲುವುದಕ್ಕೆ ನನಗೆ ಬೇರೆ ಕಾರಣ ಬೇಡ. ಬಾಗುತ್ತಿರುವ ಪಡವಲದ ತುದಿಗೆ ಸಣ್ಣ ಕಲ್ಲು ಕಟ್ಟುವ ಕೆಲಸವೂ ಆಗಲೇ ಮುಗಿಯುತ್ತದೆ.

ಹಣ್ಣು ನೊಣ ಮಾತ್ರ ಬಿಡುವುದಿಲ್ಲ. ಎಳೇ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟು ಸೋರಿ ಕಂದಾಗುತ್ತದೆ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣಕ್ಕೆ ನಾವೇ ಹೆರಿಗೆ ಮನೆ ಕಟ್ಟಿಕೊಟ್ಟ ಹಾಗೆ. ನಾನು ಅವನ್ನು ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಆಳಕ್ಕೆ ಹೂಳುತ್ತೇನೆ. ಕಾಯಿ ಕಚ್ಚಿದ ಕೂಡಲೇ ಹಳೇ ಪೇಪರಿನ ಚೀಲ ಕಟ್ಟುವುದು ಸೋಮಾರಿಗಳಿಗೆ ಆಗದ ಕೆಲಸ, ಆದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಟ್ರ್ಯಾಪ್ ತರುವುದಿದ್ದರೆ ಕ್ಯೂ ಲ್ಯೂರ್ (ನೊಣವನ್ನು ಸೆಳೆಯುವ ವಾಸನೆಯ ಮದ್ದು) ಇರುವುದನ್ನೇ ಕೇಳಿ. ಮಾವಿನ ಮರಕ್ಕೆ ಕಟ್ಟುವ ಟ್ರ್ಯಾಪಿಗೆ ಸೌತೆಯ ನೊಣ ಬರುವುದಿಲ್ಲ.

ಅಲಸಂಡೆಯ ತುದಿಗೆ ಕಪ್ಪು ಹೇನು ಕೂತರೆ ಇಬ್ಬನಿ ಆರುವ ಮೊದಲು ಒಲೆ ಬೂದಿ ಎರಚುವುದು. ನವಿಲು, ಹಂದಿಗೆ ಹಳೇ ಸೀರೆಯ ಬೇಲಿ. ಮಂಗನಿಗೆ ಏನೂ ಇಲ್ಲ. ನಾಯಿ ಇದ್ದಷ್ಟು ಹೊತ್ತು ಸ್ವಲ್ಪ ಭಯ, ಅಷ್ಟೇ. ಸುತ್ತಮುತ್ತ ಹಲವರು ತರಕಾರಿ ಬಿಟ್ಟದ್ದೇ ಮಂಗನ ಕಾಟಕ್ಕೆ. ನಾನು ಸೌತೆಯ ಕಾಯಿಗಳ ಮೇಲೆ ಒಣ ಸೋಗೆ ಹೊದಿಸಿ ಬಚ್ಚಿಡುತ್ತೇನೆ. ಹಾಗಲಕಾಯಿಯನ್ನು ಅವು ಮುಟ್ಟಿದ್ದು ನಾನಂತೂ ನೋಡಿಲ್ಲ.

ಕೊಯ್ಲಿನ ದಿನಗಳಲ್ಲಿ ಅಡುಗೆಗೆ ಏನು ಮಾಡಲಿ ಅಂತ ಕೇಳುವುದೇ ಇಲ್ಲ, ಗದ್ದೆ ಹೇಳಿದ್ದು. ಹರಿವೆ ದಂಟಿನ ಹುಳಿ, ಬಸಳೆ ಕೊದ್ದೆಲು, ಹೀರೆಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಎಳೇ ಸೌತೆ ತುರಿದು ಅಕ್ಕಿ ಜೊತೆ ಅರೆದು ದೋಸೆ ಹುಯ್ದರೆ ಮಕ್ಕಳು ಬೆಣ್ಣೆ ಹಾಕಿಕೊಂಡು ಎಣಿಸದೆ ತಿನ್ನುತ್ತಾರೆ. ಹಾಲುಬೆಂಡೆ ಒಂದು ದಿನ ಕೊಯ್ಯಲು ಮರೆತರೂ ಅಷ್ಟಾಗಿ ನಾರಾಗುವುದಿಲ್ಲ, ಅದಕ್ಕೇ ಹಸುರು ಬೆಂಡೆಗಿಂತ ನನಗೆ ಅದು ಇಷ್ಟ.

ತೂಗುಹಾಕುವ ಸೌತೆಗೆ ತೊಟ್ಟು ಇರಬೇಕು, ಗಾಯ ಇರಬಾರದು, ತೊಳೆಯಲೇಬಾರದು. ಬಾಳೆ ನಾರಿನಲ್ಲಿ ಒಂದಕ್ಕೊಂದು ತಾಗದಂತೆ ಕಟ್ಟಿ ಇಳಿಬಿಡುವುದು. ನಮ್ಮದು ಆರ್‌ಸಿಸಿ ಮನೆ, ಅಟ್ಟದ ಜಂತಿ ಇಲ್ಲ. ಹಿಂದಿನ ಶೀಟಿನ ಮಾಡಿನ ಕಬ್ಬಿಣದ ಪೈಪೇ ಜಂತಿ. ಗಾಳಿ ಆಡಿದರೆ ಸಾಕು, ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲೂ ಹಲಸಿನ ಬೀಜದ ಜೊತೆ ಸೌತೆ ಹುಳಿ ಆಗುತ್ತದೆ. ಬೂದುಕುಂಬಳದ ಬಿಳಿ ಪುಡಿ ಒರೆಸಬೇಡಿ, ಅದೇ ಅದರ ಅಂಗಿ.

ಸಾಂಬಾರಿನ ಸೌತೆಯನ್ನು ಬೀಜಕ್ಕೆ ಬಿಡುವವರಿಗೆ ಒಂದು ಮಾತು. ಮುಳ್ಳುಸೌತೆ ಪಕ್ಕದಲ್ಲಿದ್ದರೆ ತೊಂದರೆ ಇಲ್ಲ, ಇಬ್ಬುಡ್ಲ ಇದ್ದರೆ ಇದೆ. ಸಾಂಬಾರಿನ ಸೌತೆಯೂ ಇಬ್ಬುಡ್ಲವೂ ಖರ್ಬೂಜದ ಜಾತಿಯವೇ, ಜೇನುನೊಣ ಒಂದರ ಪರಾಗ ಇನ್ನೊಂದಕ್ಕೆ ತಂದರೆ ಬೀಜ ಬೆರಕೆಯಾಗುತ್ತದೆ. ಈ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಸೌತೆಯೂ ಅಲ್ಲದ ಹಣ್ಣೂ ಅಲ್ಲದ ಏನೋ ಒಂದು ಬಳ್ಳಿಯಲ್ಲಿ ಕೂತಿರುತ್ತದೆ. ಇಬ್ಬುಡ್ಲ ಬಿಡಲು ನಾನು ತಯಾರಿಲ್ಲ, ಮೇ ತಿಂಗಳ ಮಧ್ಯಾಹ್ನಕ್ಕೆ ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದ ಅದರ ರಸಾಯನ ಬೇಕೇ ಬೇಕು. ಹಾಗಾಗಿ ಅದನ್ನು ತಿಂಗಳು ತಡವಾಗಿ ಹಾಕುತ್ತೇನೆ. ಅದು ಹೂ ಬಿಡುವಷ್ಟರಲ್ಲಿ ಬೀಜಕ್ಕೆ ಬೇಕಾದ ಸೌತೆ ಕಾಯಿ ಕಚ್ಚಿ ಬೆಳೆದಿರುತ್ತದೆ, ತೊಟ್ಟಿಗೆ ಕೆಂಪು ದಾರ ಕಟ್ಟಿರುತ್ತೇನೆ. ದಾರ ಇದ್ದದ್ದನ್ನು ಮನೆಯಲ್ಲಿ ಯಾರೂ ಹುಳಿಗೆ ಹೆಚ್ಚುವ ಹಾಗಿಲ್ಲ, ನೆಂಟರು ಬಂದರೂ ಸರಿ.