ಹನ್ನೆರಡೇ ಫೋಟೋ: ಹೋಮಾಯಿ ವ್ಯಾರವಾಲಾ ದಾರಿಯಲ್ಲಿ ಒಂದು ಕಾರ್ಯಕ್ರಮ ತೆಗೆಯುವುದು ಹೇಗೆ

ನನ್ನ ಹತ್ತಿರ ಕ್ಯಾಮೆರಾ ಕಲಿಯೋಕೆ ಬರುವ ಹುಡುಗರು ಒಂದು ಸನ್ಮಾನ ಸಮಾರಂಭಕ್ಕೆ ಹೋದರೆ 800 ಫೋಟೋ ಹೊತ್ತು ತರುತ್ತಾರೆ. ಶಾಲು ಹೊದಿಸೋದೇ 40. ಅವರಿಗೆ ನಾನು ಕೊಡುವ ಮೊದಲ ಕೆಲಸ: ಮುಂದಿನ ಕಾರ್ಯಕ್ರಮಕ್ಕೆ 12 ಫೋಟೋ, ಅಷ್ಟೇ. ಹದಿಮೂರನೇದು ತೆಗೆದರೆ ಎಲ್ಲರ ಟೀ ಖರ್ಚು ಅವರದ್ದು.

ಹನ್ನೆರಡೇ ಯಾಕೆ? ಹೋಮಾಯಿ ವ್ಯಾರವಾಲಾ ಬಳಸುತ್ತಿದ್ದ ರೋಲಿಫ್ಲೆಕ್ಸ್ ಅನ್ನೋ ಫಿಲ್ಮ್ ಕ್ಯಾಮೆರಾದಲ್ಲಿ ಒಂದು ರೋಲಿಗೆ ಬರುತ್ತಿದ್ದದ್ದು ಅಷ್ಟೇ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಮನೆಯಲ್ಲಿ ಹುಟ್ಟಿದವರು. ಅಪ್ಪ ನಾಟಕ ಕಂಪನಿಯಲ್ಲಿದ್ದವರು. 1942ರಲ್ಲಿ ದೆಹಲಿಗೆ ಹೋಗಿ, 1970ರವರೆಗೆ ಸೀರೆಯುಟ್ಟು ಕ್ಯಾಮೆರಾ ಹೊತ್ತು ಓಡಾಡಿದರು. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ.

ಮೊದಲು ಬೇಗ ಹೋಗಿ. ಯಾರು ಎಲ್ಲಿಂದ ಬರುತ್ತಾರೆ, ಬೆಳಕು ಯಾವ ಕಡೆ ಅಂತ ನೋಡಿ ಜಾಗ ಹಿಡಿದು ನಿಲ್ಲಿ. ಆಮೇಲೆ ಫೋನನ್ನು ಸೊಂಟದ ಮಟ್ಟಕ್ಕೆ ಇಳಿಸಿ. ರೋಲಿಫ್ಲೆಕ್ಸ್ ಕೆಲಸ ಮಾಡೋದೇ ಹಾಗೆ, ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎದುರಿನವರಿಗೆ ಕ್ಯಾಮೆರಾ ಮುಖಕ್ಕೆ ಹಿಡಿದ ಹಾಗೆ ಅನಿಸೋದಿಲ್ಲ.

ಆದರೆ ಆ ಗಾಜಿನಲ್ಲಿ ಎಡಬಲ ಅದಲುಬದಲು. ನಾನು ಇದನ್ನು ಅಪ್ಪನ ಸ್ಟುಡಿಯೋದಲ್ಲಿದ್ದ ಅದೇ ಥರದ ಹಳೇ ಯಾಶಿಕಾ ಕ್ಯಾಮೆರಾದಲ್ಲಿ ಕಲಿತೆ, ಮರ್ಯಾದೆ ಕಳಕೊಂಡೇ ಕಲಿತೆ. ಒಂದು ಶಾಲಾ ವಾರ್ಷಿಕೋತ್ಸವ. ಮುಖ್ಯ ಅತಿಥಿ ಗಾಜಿನಲ್ಲಿ ಎಡಕ್ಕೆ ಜಾರಿದರು ಅಂತ ನಾನೂ ಕ್ಯಾಮೆರಾ ಎಡಕ್ಕೆ ತಿರುಗಿಸಿದೆ. ಫಿಲ್ಮ್ ತೊಳೆದು ನೋಡಿದರೆ ಅರ್ಧ ಹಾರ, ಒಂದು ಕೈ, ಪಕ್ಕದಲ್ಲಿ ಖಾಲಿ ಕುರ್ಚಿ! ನಿಮ್ಮ ಫೋನಿಗೆ ಈ ಕಾಟ ಇಲ್ಲ ಬಿಡಿ.

ಈಗ ಮುಖ್ಯದ್ದು. ದೊಡ್ಡ ಮನುಷ್ಯರನ್ನು ನೋಡಿದ್ದು ಸಾಕು, ಅವರ ಸುತ್ತ ನೋಡಿ. ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಹೋಮಾಯಿ ತೆಗೆದ ನೆಹರೂ ಚಿತ್ರ ಒಂದಿದೆ. ನೆಹರೂ ನಿಂತಿದ್ದಾರೆ, ಪಕ್ಕದಲ್ಲೇ ‘ಫೋಟೋ ತೆಗೆಯುವುದು ನಿಷಿದ್ಧ’ ಎಂಬ ಅರ್ಥದ ಇಂಗ್ಲಿಷ್ ಬೋರ್ಡು. ಬೋರ್ಡು ಬಿಟ್ಟು ಬರೀ ನೆಹರೂ ತೆಗೆದಿದ್ದರೆ ಅದು ನೂರಾರು ಫೋಟೋಗಳ ಜೊತೆ ಇನ್ನೊಂದು, ಅಲ್ವಾ? ಆದ್ದರಿಂದ ನಿಮ್ಮ 12ರಲ್ಲಿ ವೇದಿಕೆಗೆ ನಾಲ್ಕು ಸಾಕು. ಉಳಿದದ್ದು ಬಾಗಿಲು, ಬ್ಯಾನರು, ಕೊನೇ ಸಾಲಿನವರು, ಭಾಷಣ ಮುಗಿದ ಮೇಲೆ ಉಸ್ಸಪ್ಪಾ ಅನ್ನೋ ಮುಖ.

ಹೊರಟ ಮೇಲೆ ಮಾತ್ರ ವಾಪಸ್ ಬರಬೇಡಿ. 1948ರ ಜನವರಿ 30ರಂದು ಹೋಮಾಯಿ ಗಾಂಧೀಜಿಯ ಪ್ರಾರ್ಥನಾ ಸಭೆಗೆ ಹೊರಟಿದ್ದರು. ಗಂಡ ವಾಪಸ್ ಕರೆದರು, ನಾಳೆ ಇಬ್ಬರೂ ಹೋಗೋಣ ಅಂದರು. ಅವತ್ತೇ ಆ ಸಭೆಯಲ್ಲಿ ಗಾಂಧೀಜಿಯ ಹತ್ಯೆ ಆಯಿತು. ಆಮೇಲೆ ಅಂತ್ಯಕ್ರಿಯೆಯ ಚಿತ್ರಗಳನ್ನು ಹೋಮಾಯಿ ತೆಗೆದರು. ಅವತ್ತು ಹೋಗದ ಕೊರಗು ಹಾಗೇ ಉಳಿಯಿತು.

ಕೊನೆಗೆ ಹೆಸರು. ಇದನ್ನು ಹುಡುಗಿಯರಿಗೆ ಜಾಸ್ತಿ ಒತ್ತಿ ಹೇಳುತ್ತೇನೆ. ಹೋಮಾಯಿ ತೆಗೆದ ಮೊದಮೊದಲ ಚಿತ್ರಗಳು ಅಚ್ಚಾಗಿದ್ದು ಗಂಡ ಮಾಣೆಕ್‌ಶಾ ಹೆಸರಲ್ಲಿ. ಆಮೇಲೆ ಹೋಮಾಯಿ ತಮಗೆ ‘ಡಾಲ್ಡಾ 13’ ಅಂತ ಅಡ್ಡಹೆಸರು ಇಟ್ಟುಕೊಂಡರು. ಡಾಲ್ಡಾ ವನಸ್ಪತಿ ಡಬ್ಬಕ್ಕೂ ಇದಕ್ಕೂ ಸಂಬಂಧ ಇಲ್ಲ! ಹುಟ್ಟಿದ್ದು 13ನೇ ಇಸವಿ, ಗಂಡನನ್ನು ಮೊದಲು ಕಂಡಾಗ ವಯಸ್ಸು 13, ಮೊದಲ ಕಾರಿನ ನಂಬರು ಡಿಎಲ್‌ಡಿ 13. ನನ್ನದೂ ಒಂದು ಪ್ರವಾಹದ ಫೋಟೋ ಬೇರೆಯವರ ಹೆಸರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಪ್ರಿಂಟಿನ ಹಿಂಬದಿಗೆ ಏನೂ ಬರೆದಿರಲಿಲ್ಲ, ಜಗಳ ಆಡೋಕೂ ಪುರಾವೆ ಇಲ್ಲ.

ಹಾಗಾಗಿ ಪ್ರಿಂಟ್ ಹಾಕಿಸಿದರೆ ಅವತ್ತೇ ಹಿಂದೆ ಊರು, ತಾರೀಕು, ಚಿತ್ರದಲ್ಲಿರುವವರು, ನಿಮ್ಮ ಹೆಸರು ಬರೆಯಿರಿ. ಮೆತ್ತನೆ ಪೆನ್ಸಿಲ್ ಆಗಲಿ. ಬಾಲ್‌ಪೆನ್ ಒತ್ತಿದರೆ ಆ ಕಡೆ ಮುಖದ ಮೇಲೆ ಗೆರೆ ಮೂಡುತ್ತದೆ.